ಸಭೆಯ ಹಾಡು, ತಟ್ಟೆಯ ಹಾಡು

1902ನೆಯ ಇಸವಿಯ ನವೆಂಬರ್ ತಿಂಗಳು. ಅಂದು ಭಾರತದ ರಾಜಧಾನಿಯಾಗಿದ್ದ ಕಲ್ಕತ್ತೆಗೆ ಲಂಡನ್ನಿನ ಗ್ರಾಮಫೋನ್ ಕಂಪೆನಿಯ ತಂತ್ರಜ್ಞರಾದ ಫ್ರೆಡ್ ಗೈಸ್‌ಬರ್ಗ್ ಎಂಬವರು ಧ್ವನಿಮುದ್ರಣದ ಯಂತ್ರವನ್ನು ಹೊತ್ತು ಬಂದಿದ್ದರು. ಅವರು ತಾತ್ಕಾಲಿಕವಾಗಿ ಸಜ್ಜುಗೊಳಿಸಿದ್ದ ಕೋಣೆಗೆ ಹಾಡಲು ಬಂದವರಲ್ಲಿ ಆ ಕಾಲದ ಪ್ರಖ್ಯಾತ ಗಾಯಕಿ ಗೌಹರ್ ಜಾನ್ ಒಬ್ಬರು. ಶ್ರೀಮಂತರ ದಿವಾನಖಾನೆಗಳಲ್ಲಿಯೂ ರಾಜಸಭೆಗಳಲ್ಲಿಯೂ ಹಾಡಿ ಮನ್ನಣೆ ಗಳಿಸಿದ್ದ ಆಕೆಯ ಮುಂದೆ ಅಂದು ಶ್ರೋತೃಗಳಿರಲಿಲ್ಲ. ಇದ್ದುದು ಕಹಳೆಯಂತೆ ಬಾಯ್ದೆರೆದ ಒಂದು ಕೊಳವೆ. ಅದಕ್ಕೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಧ್ವನಿಯ ಕಂಪನಕ್ಕೆ ಕೊಳವೆಯ ತುದಿಯಲ್ಲಿನ ತೆಳುಪೊರೆ ಅಲುಗುತ್ತದೆ. ಪೊರೆಗೆ ಹೊಂದಿಸಿದ ಮುಳ್ಳು, ತಿರುಗುತ್ತಿರುವ ಮೇಣದ ತಟ್ಟೆಯ ಮೇಲೆ ಸಣ್ಣ ಗೀರನ್ನು ಕೊರೆಯುತ್ತ ಹೋಗುತ್ತದೆ. ತಟ್ಟೆಯಲ್ಲಿ ಸುಮಾರು ಮೂರು ನಿಮಿಷಗಳ ಹಾಡಿಗಷ್ಟೇ ಸ್ಥಳ.

ಹಾಡು ಮುಗಿದೊಡನೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿದರು. ಇಂದು ಆ ತಟ್ಟೆಯನ್ನು ಕೇಳುವವರಿಗೆ ಅದು ಗಾಯಕಿಯ ಗರ್ವದ ನುಡಿಯೆಂದು ತೋರಬಹುದು. ನಿಜ ಸಂಗತಿ ಬೇರೆ. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಅಲ್ಲಿ ಅಚ್ಚಾಗಬೇಕಾಗಿದ್ದವು. ಹಾಡಿದವರು ಯಾರೆಂಬುದನ್ನು ಅರಿಯದ ಅಲ್ಲಿನ ಕೆಲಸಗಾರರು ಸರಿಯಾದ ಹೆಸರಿನ ಚೀಟಿಯನ್ನು ಅಂಟಿಸಲು ಈ ಘೋಷಣೆ ನೆರವಾಗುತ್ತಿತ್ತು. ಇದೇ ಗೌಹರ್ ಜಾನ್ ಬಾಳಿನ ಸಂಜೆಯಲ್ಲಿ ಮೈಸೂರಿಗೆ ಬಂದು, 1928ರಲ್ಲಿ ಅರಮನೆಯ ಸಂಗೀತಗಾರ್ತಿಯಾಗಿ ನೇಮಕಗೊಂಡು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರೆಂಬುದನ್ನು ಕನ್ನಡಿಗರು ನೆನೆಯಬೇಕು.

ಏಕಾಂತದಲ್ಲಿ ಹಾಡುವುದು ನಮ್ಮ ಸಂಗೀತಗಾರರಿಗೆ ಹೊಸತೇನಾಗಿರಲಿಲ್ಲ. ಬೆಳಗಿನ ಜಾವದ ಸಾಧನೆಯೆಲ್ಲ ಏಕಾಂತದ್ದೇ. ಆದರೆ ಸಾಧನೆ ತನಗಾಗಿ, ಕಛೇರಿ ಪರರಿಗಾಗಿ. ಪರರಿಗಾಗಿ ಹಾಡಬೇಕು, ಆದರೆ ಆ ಪರರು ಎದುರಿಗೆ ಇರಬಾರದು ಎಂಬ ವಿಚಿತ್ರ ಸನ್ನಿವೇಶ ಆ ಕೊಳವೆಯೊಡನೆ ಬಂದಿತು. ಅಂದಿನಿಂದ ಇಂದಿನವರೆಗೆ ಸಂಗೀತಗಾರರ ಮನಸ್ಸು ಈ ಎರಡು ನೆಲೆಗಳ ನಡುವೆ ತುಯ್ದಾಡುತ್ತಲೇ ಇದೆ.

ಕಛೇರಿಯೊಂದು ಹೇಗೆ ಬೆಳೆಯುತ್ತದೆ ಎಂಬುದನ್ನು ಗಮನಿಸಿದರೆ ಈ ತುಯ್ದಾಟದ ಕಾರಣ ತಿಳಿಯುತ್ತದೆ. ಗಾಯಕರು ವೇದಿಕೆಯನ್ನೇರಿ ಶ್ರುತಿ ಸೇರಿಸಿಕೊಳ್ಳುವಾಗ ಸಭೆ ಇನ್ನೂ ಗಜಿಬಿಜಿಯಾಗಿಯೇ ಇರುತ್ತದೆ. ಮೊದಲ ಒಂದೆರಡು ಕೃತಿಗಳಲ್ಲಿ ಕಂಠ ಕಾಯುತ್ತದೆ. ಮೃದಂಗದ ನಡೆ, ಪಿಟೀಲಿನ ಒಲವು ತಿಳಿದುಬರುತ್ತವೆ. ಆಮೇಲೆ ರಾಗದ ಆಲಾಪನೆ ಆರಂಭವಾಗುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ಯಾರೋ ಒಬ್ಬ ವೃದ್ಧ ರಸಿಕರು ಒಂದು ಸಂಚಾರಕ್ಕೆ ಕಣ್ಣುಮುಚ್ಚಿ ತಲೆದೂಗುತ್ತಾರೆ. ಅದು ಗಾಯಕರ ಕಣ್ಣಿಗೆ ಬೀಳುತ್ತದೆ. ಅವರು ಅದೇ ಸ್ವರದ ಸುತ್ತ ಇನ್ನೊಮ್ಮೆ ಸುಳಿದು, ಮೊದಲು ಎಣಿಸಿರದ ಹಾದಿಯೊಂದನ್ನು ಹಿಡಿಯುತ್ತಾರೆ. ಪಿಟೀಲು ಅದನ್ನು ಎತ್ತಿಕೊಂಡು ಮರಳಿ ಒಪ್ಪಿಸುತ್ತದೆ. ಸಭೆಯ ಮೂಲೆಯಿಂದ "ಭೇಷ್" ಎಂಬ ದನಿ ಏಳುತ್ತದೆ. ಉತ್ತರಾದಿಯ ಬೈಠಕ್ಕುಗಳಲ್ಲಂತೂ ತಬಲೆಯ ಆವರ್ತ ಸುತ್ತಿ ಗಾಯಕರು ಸಮ್ಮಿಗೆ ಬಂದು ನಿಂತಾಗ ಇಡೀ ಸಭೆಯೇ ಒಂದು ಉಸಿರು ಬಿಟ್ಟಂತಾಗುತ್ತದೆ. "ಕಛೇರಿ ಕಳೆಗಟ್ಟಿತು" ಎಂದು ಜನ ಹೇಳುವುದು ಈ ಕ್ಷಣವನ್ನೇ. ಆ ಕಳೆ ಗಾಯಕರೊಬ್ಬರ ಸೃಷ್ಟಿಯಲ್ಲ. ಕೇಳುವವರು ಅದರಲ್ಲಿ ಪಾಲುದಾರರು.

ಸಭೆಯಲ್ಲಿ ಅಡಚಣೆಗಳೂ ಕಡಿಮೆಯೇನಲ್ಲ. ಮಗು ಅಳುತ್ತದೆ, ಧ್ವನಿವರ್ಧಕ ಕೀರಲಿಡುತ್ತದೆ, ತನಿ ಆವರ್ತನ ಬಂದೊಡನೆ ಕೆಲವರು ಕಾಫಿಗೆಂದು ಏಳುತ್ತಾರೆ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ, 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ನಡೆಯುವಾಗ ಹೊರಗಿನ ವಾಹನಗಳ ಸದ್ದೂ ಒಳಗಿನ ತಂಬೂರಿಯ ನಾದವೂ ಒಟ್ಟಿಗೇ ಕೇಳುತ್ತವೆ. ಆದರೂ ಅಂತಹ ಚಪ್ಪರಗಳಲ್ಲಿ ಹಾಡಲು ವಿದ್ವಾಂಸರು ಹಂಬಲಿಸುತ್ತಾರೆ. ಸಭೆಯಲ್ಲಿ ಅವರಿಗೆ ಸಿಗುವ ಧೈರ್ಯ ಒಂದು ವಿಶೇಷ ಬಗೆಯದು. ಅಲ್ಲಿ ಆದ ತಪ್ಪು ಗಾಳಿಯಲ್ಲಿ ಕರಗಿಹೋಗುತ್ತದೆ. ತಾರಸ್ಥಾಯಿಯಲ್ಲಿ ಕಂಠ ಒಮ್ಮೆ ಬಿರಿದರೂ ಮುಂದಿನ ಸಂಗತಿ ಅದನ್ನು ಮರೆಸುತ್ತದೆ. ಆದುದರಿಂದಲೇ ಅವರು ಅಪಾಯದ ಅಂಚಿನವರೆಗೆ ಹೋಗಿ ಬರಲು ಹಿಂಜರಿಯುವುದಿಲ್ಲ.

ಕೊಳವೆಯ ಮುಂದೆ ಈ ಧೈರ್ಯ ಉಡುಗುತ್ತಿತ್ತು. ಮೇಣದ ತಟ್ಟೆಯಲ್ಲಿ ಕೊರೆದುದನ್ನು ಅಳಿಸುವಂತಿಲ್ಲ. ಸರಿಯಾಗಿದೆಯೇ ಎಂದು ಕೇಳಿನೋಡುವಂತೆಯೂ ಇಲ್ಲ. ಮುಳ್ಳನ್ನು ಮತ್ತೊಮ್ಮೆ ಹಾಯಿಸಿದರೆ ಮೃದುವಾದ ಮೇಣದ ಗೀರು ಕೆಡುತ್ತಿತ್ತು. ಮೂರನೆಯ ನಿಮಿಷದಲ್ಲಿ ಎಡವಿದರೆ ಹೊಸ ತಟ್ಟೆ, ಮೊದಲಿನಿಂದ ಹಾಡು. ಮಂದ್ರದ ಮೆಲುದನಿ ಕೊಳವೆಗೆ ನಿಲುಕುತ್ತಿರಲಿಲ್ಲ; ಉಚ್ಚಸ್ವರದಲ್ಲಿ ಹಿಂದೆ ಸರಿಯದಿದ್ದರೆ ಮುಳ್ಳು ಹಾರುತ್ತಿತ್ತು. ಗಂಟೆಗಟ್ಟಲೆ ವಿಸ್ತರಿಸಬಲ್ಲ ಖಯಾಲನ್ನು ಮೂರು ನಿಮಿಷಗಳ ಚೌಕಟ್ಟಿಗೆ ಇಳಿಸಬೇಕಾದ ಕಷ್ಟವಂತೂ ಬೇರೆ. ಗೌಹರ್ ಜಾನ್‌ರ ಜಾಣ್ಮೆ ಕಾಣುವುದು ಇಲ್ಲಿಯೇ. ಚೀಜಿನ ಮುಖ, ಒಂದಿಷ್ಟು ವಿಸ್ತಾರ, ಮಿಂಚಿನಂತಹ ಕೆಲವು ತಾನುಗಳು, ಮುಕ್ತಾಯ ಎಂದು ಅವರು ಆ ಅಲ್ಪಾವಧಿಗೆ ಒಪ್ಪುವ ಕಟ್ಟಡವೊಂದನ್ನು ಕಂಡುಕೊಂಡರು.

ಎಲ್ಲರೂ ಹೀಗೆ ಒಗ್ಗಿಕೊಳ್ಳಲಿಲ್ಲ. ದೊಡ್ಡ ಉಸ್ತಾದರಲ್ಲಿ ಹಲವರು ಯಂತ್ರದತ್ತ ತಲೆಯೆತ್ತಿಯೂ ನೋಡಲಿಲ್ಲ. ತಮ್ಮ ಮನೆತನದ ಅಪೂರ್ವ ಚೀಜುಗಳನ್ನು ಕಂಡಕಂಡವರು ಕದ್ದು ಕಲಿತಾರೆಂಬ ಅಳುಕು ಕೆಲವರಿಗೆ. ರಾಜರು ಎದ್ದು ಗೌರವಿಸುವ ಹಾಡನ್ನು ಚಹದಂಗಡಿಯಲ್ಲಿ ಯಾರೋ ಕೀಲಿ ತಿರುಗಿಸಿ ಹಾಕಿಕೊಂಡು, ಬೇಸರವಾದಾಗ ನಡುವೆಯೇ ನಿಲ್ಲಿಸಬಹುದಲ್ಲ ಎಂಬ ಸಂಕೋಚ ಇನ್ನು ಕೆಲವರಿಗೆ. ಯಂತ್ರ ಕಂಠವನ್ನು ಹೀರಿಕೊಂಡುಬಿಡುತ್ತದೆ ಎಂದು ಹೆದರಿದವರೂ ಇದ್ದರು. ಇದನ್ನು ಮೌಢ್ಯವೆಂದು ನಕ್ಕುಬಿಡುವುದು ಸುಲಭ. ಆದರೆ ತನ್ನ ದನಿ ತನ್ನಿಂದ ಬೇರ್ಪಟ್ಟು ಊರೂರು ಅಲೆಯುತ್ತದೆ ಎಂಬುದನ್ನು ಮೊದಲ ಬಾರಿಗೆ ಎದುರಿಸಿದವರ ದಿಗಿಲು ಅದು. ಜಯಪುರ ಅತ್ರೌಲಿ ಘರಾಣೆಯ ಪ್ರವರ್ತಕರಾದ ಅಲ್ಲಾದಿಯಾ ಖಾನರು ತಮ್ಮ ದೀರ್ಘಾಯುಸ್ಸಿನಲ್ಲಿ ಧ್ವನಿಮುದ್ರಣಕ್ಕೆ ಹಾಡಲಿಲ್ಲ. ಕೆಲಕಾಲ ಧಾರವಾಡದಲ್ಲಿ ನೆಲೆಸಿ ಈ ಭಾಗದಲ್ಲಿ ಹಿಂದುಸ್ತಾನಿ ಸಂಗೀತದ ಅಭಿರುಚಿಯನ್ನು ಬೆಳೆಸಿದ ಭಾಸ್ಕರಬುವಾ ಬಖಲೆಯವರ ಕಂಠವೂ ಯಾವ ತಟ್ಟೆಯಲ್ಲಿಯೂ ಉಳಿದಿಲ್ಲ. ಅವರು 1922ರಲ್ಲಿ ತೀರಿಕೊಂಡರು. ಅವರ ಗಾಯನ ಹೇಗಿತ್ತೆಂಬುದನ್ನು ಶಿಷ್ಯರಾದ ಬಾಲಗಂಧರ್ವರ, ಮಾಸ್ಟರ್ ಕೃಷ್ಣರಾಯರ ಹಾಡಿನಿಂದ ಊಹಿಸಿಕೊಳ್ಳಬೇಕಷ್ಟೆ. ಆ ಹಿರಿಯರ ಅಭಿಮಾನ ದೊಡ್ಡದು. ಅದರ ಬೆಲೆಯನ್ನು ತೆತ್ತವರು ಮಾತ್ರ ಆಮೇಲೆ ಹುಟ್ಟಿದವರು.

ಹಾಡಲು ಒಪ್ಪಿದವರಿಗೂ ಒಂದು ಕಸಿವಿಸಿ ಇದ್ದೇ ಇತ್ತು. ಗಾಯಕರು ಬೆಳೆಯುತ್ತಾರೆ, ಬದಲಾಗುತ್ತಾರೆ, ತಟ್ಟೆ ಬದಲಾಗುವುದಿಲ್ಲ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಹಾಡಿದ ಮೊದಲ ತಟ್ಟೆಗಳು "ಗಾಂಧಾರಿ" ಎಂಬ ಹೆಸರಿನಲ್ಲಿ ಹೊರಬಂದವು. ಅವುಗಳಲ್ಲಿರುವುದು ಎಳೆಯ, ತೆಳುವಾದ, ಎತ್ತರದ ಕಂಠ. ಮುಂದೆ ಗಂಟಲಿನ ಬೇನೆಗೆ ಚಿಕಿತ್ಸೆಯಾದ ಬಳಿಕ ಅವರ ದನಿ ಗಡುಸಾಗಿ, ಗಂಭೀರವಾಗಿ ಇಳಿಯಿತು. ದೇಶವೆಲ್ಲ ಮೆಚ್ಚಿದುದು ಆ ಗಂಭೀರ ಕಂಠವನ್ನೇ. ಅದನ್ನು ಸಭೆಗಳಲ್ಲಿ ಕೇಳಿದವರಿಗೆ ಹಳೆಯ ತಟ್ಟೆಯನ್ನು ಹಾಕಿ ತೋರಿಸಿದರೆ ಇಬ್ಬರೂ ಒಬ್ಬರೇ ಎಂದು ನಂಬುವುದು ಕಷ್ಟ. ಗಾಯಕಿಯೇ ಕಳೆದುಕೊಂಡ ದನಿಯನ್ನು ಯಂತ್ರ ಕಾಪಾಡಿಕೊಂಡಿದೆ!

1925ರ ಸುಮಾರಿಗೆ ವಿದ್ಯುತ್ ಚಾಲಿತ ಧ್ವನಿಗ್ರಾಹಕ, ಅಂದರೆ ಮೈಕು, ಬಳಕೆಗೆ ಬಂದಮೇಲೆ ಕೊಳವೆಯ ಕಷ್ಟ ತಪ್ಪಿತು. ಮೆಲುದನಿಯೂ ತಂಬೂರಿಯ ಝೇಂಕಾರವೂ ತಟ್ಟೆಯನ್ನು ಸೇರಿದವು. 1948ರಲ್ಲಿ ಅಮೆರಿಕದಲ್ಲಿ ಬಂದ ದೀರ್ಘಾವಧಿಯ ತಟ್ಟೆಯ ಒಂದೊಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಗಳಿಗೂ ಮಿಕ್ಕ ಸಂಗೀತ ಹಿಡಿಸಿತು. 1955ರಲ್ಲಿ ಸರೋದ್ ವಾದಕ ಅಲಿ ಅಕ್ಬರ್ ಖಾನರು ನ್ಯೂಯಾರ್ಕಿನಲ್ಲಿ ಅಂತಹ ತಟ್ಟೆಗೆ ನುಡಿಸಿದಾಗ, ರಾಗವೊಂದು ಮೆಲ್ಲನೆ ಅರಳುವ ಬಗೆಯನ್ನು ಹೊರದೇಶದವರು ಮನೆಯಲ್ಲಿ ಕುಳಿತು ಕೇಳುವಂತಾಯಿತು. ಇದಕ್ಕಿಂತ ದೊಡ್ಡ ಬದಲಾವಣೆಯನ್ನು ತಂದದ್ದು ಕಾಂತಪಟ್ಟಿ, ಎಂದರೆ ಟೇಪು. ಅದನ್ನು ಅಳಿಸಬಹುದು, ಅಲಗಿನಿಂದ ಕತ್ತರಿಸಬಹುದು, ಒಂದು ಸಲದ ನುಡಿಸಾಣಿಕೆಗೆ ಇನ್ನೊಂದು ಸಲದ್ದನ್ನು ಬೆಸೆಯಬಹುದು. ಅಲ್ಲಿಯವರೆಗೆ ತಪ್ಪನ್ನು ಶಾಶ್ವತಗೊಳಿಸುತ್ತಿದ್ದ ಯಂತ್ರ ಈಗ ತಪ್ಪನ್ನೇ ಇಲ್ಲವಾಗಿಸತೊಡಗಿತು.

ಈ ಸೌಕರ್ಯದಲ್ಲಿ ಮುಕ್ತಿಯನ್ನು ಕಂಡವರು ಕೆನಡ ದೇಶದ ಪಿಯಾನೋ ವಾದಕ ಗ್ಲೆನ್ ಗೂಲ್ಡ್. 1932ರಲ್ಲಿ ಟೊರಾಂಟೊ ನಗರದಲ್ಲಿ ಹುಟ್ಟಿದ ಇವರು ಇಪ್ಪತ್ತೆರಡರ ಹರೆಯದಲ್ಲಿ, 1955ರಲ್ಲಿ, ಬಾಖ್ ಮಹಾಶಯನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಎಂಬ ಕೃತಿಯನ್ನು ನ್ಯೂಯಾರ್ಕಿನಲ್ಲಿ ಮುದ್ರಿಸಿ ಜಗತ್ಪ್ರಸಿದ್ಧರಾದರು. ದೇಶದೇಶಗಳ ಸಭಾಂಗಣಗಳು ಅವರನ್ನು ಕರೆದವು. ಆದರೆ ಸಭೆಯೆಂದರೆ ಅವರಿಗೆ ಕಿರುಕುಳ. ಸಾವಿರಾರು ಕಣ್ಣುಗಳು ತಮ್ಮ ಎಡವುವಿಕೆಗಾಗಿಯೇ ಕಾದಿವೆಯೆಂಬ ಭಾವನೆ ಅವರನ್ನು ಬಿಡಲಿಲ್ಲ. ಚಪ್ಪಾಳೆಯನ್ನೇ ನಿಷೇಧಿಸಬೇಕೆಂದು 1962ರಲ್ಲಿ ಒಂದು ಲೇಖನವನ್ನೂ ಬರೆದರು. 1964ರ ಏಪ್ರಿಲ್‌ನಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ನುಡಿಸಿದ್ದೇ ಅವರ ಕೊನೆಯ ಕಛೇರಿ. ಆಗ ಅವರ ವಯಸ್ಸು ಮೂವತ್ತೊಂದು. ಉಳಿದ ಆಯುಸ್ಸನ್ನೆಲ್ಲ ಧ್ವನಿಮುದ್ರಣ ಶಾಲೆಗೆ ಒಪ್ಪಿಸಿದರು.

ಬಾಖ್‌ನ ಇನ್ನೊಂದು ರಚನೆಯನ್ನು ಮುದ್ರಿಸುವಾಗ ನಡೆದುದನ್ನು ಗೂಲ್ಡ್ ಅವರೇ ಬರೆದಿಟ್ಟಿದ್ದಾರೆ. ಅದನ್ನು ಎಂಟು ಸಲ ನುಡಿಸಿದರು. ಆರನೆಯದು ಮತ್ತು ಎಂಟನೆಯದು ನಿರ್ದುಷ್ಟವಾಗಿದ್ದವು. ಆದರೆ ಒಂದರ ಭಾವ ತೀರ ಬಿಗಿ, ಇನ್ನೊಂದರದು ತೀರ ಹಗುರ. ಎರಡರಲ್ಲಿ ಯಾವುದನ್ನಾದರೂ ಉದ್ದಕ್ಕೂ ಕೇಳಿದರೆ ಬೇಸರವಾಗುತ್ತಿತ್ತು. ಕೊನೆಗೆ ಎರಡನ್ನೂ ಕತ್ತರಿಸಿ ಬೆಸೆದಾಗ, ಅವರು ಎಂದೂ ಒಂದೇ ಉಸಿರಿನಲ್ಲಿ ನುಡಿಸಿರದ, ಆದರೆ ಅವರ ಮನಸ್ಸಿಗೆ ಪೂರ್ಣವಾಗಿ ಒಪ್ಪಿದ ವಾದನವೊಂದು ಸಿದ್ಧವಾಯಿತು. ಕವಿಯು ತಿದ್ದಬಹುದಾದರೆ, ಚಿತ್ರಕಾರನು ಅಳಿಸಿ ಬರೆಯಬಹುದಾದರೆ, ಸಂಗೀತಗಾರನೊಬ್ಬನೇ ಏಕೆ ಮೊದಲ ಏಟಿಗೇ ಗೆಲ್ಲಬೇಕು? ಅವರ ವಾದದ ತಿರುಳು ಇದು. ತೆಗೆದುಹಾಕುವಂತಹ ವಾದವಲ್ಲ. ಆದರೂ ಒಂದು ವಿನೋದವುಂಟು. ನುಡಿಸುವಾಗ ಗುನುಗುವ ಅಭ್ಯಾಸವನ್ನು ಅವರು ಬಿಡಲಾಗಲಿಲ್ಲ. ತಂತ್ರಜ್ಞರು ಎಷ್ಟು ಹೆಣಗಿದರೂ ಆ ಗುನುಗು ಪಿಯಾನೋದ ಜೊತೆಗೆ ತಟ್ಟೆಗಳಲ್ಲಿ ಉಳಿದಿದೆ. 1981ರಲ್ಲಿ ಅವರು ಗೋಲ್ಡ್‌ಬರ್ಗ್ ಕೃತಿಯನ್ನು ಮತ್ತೆ ಮುದ್ರಿಸಿದರು. ಮೊದಲ ಸಲ ಸುಮಾರು 38 ನಿಮಿಷಗಳಲ್ಲಿ ಮುಗಿದಿದ್ದುದು ಈಗ 51 ನಿಮಿಷ ಹಿಡಿಯಿತು. ಎಷ್ಟು ತಿದ್ದಿದರೂ, ತರುಣ ಗೂಲ್ಡರ ತಟ್ಟೆ ಪ್ರೌಢ ಗೂಲ್ಡರಿಗೆ ಸಾಲದಾಯಿತು. ಮರುವರ್ಷವೇ ಅವರು ತೀರಿಕೊಂಡರು.

ಗೂಲ್ಡರಿಗೆ ತೀರ ಎದುರು ದಂಡೆಯಲ್ಲಿ ನಿಂತವರು ರುಮೇನಿಯದಲ್ಲಿ ಹುಟ್ಟಿದ ವಾದ್ಯವೃಂದ ನಿರ್ದೇಶಕ ಸೆರ್ಜು ಚೆಲಿಬಿದಾಕೆ. 1979ರಿಂದ 1996ರಲ್ಲಿ ತೀರಿಕೊಳ್ಳುವವರೆಗೆ ಮ್ಯೂನಿಕ್ ನಗರದ ವಾದ್ಯವೃಂದವನ್ನು ನಡೆಸಿದ ಇವರು ತಮ್ಮ ಸಂಗೀತವನ್ನು ತಟ್ಟೆಗಳಾಗಿ ಮಾರುವುದಕ್ಕೆ ಒಪ್ಪುತ್ತಿರಲಿಲ್ಲ. ನಾದ ಒಂದು ಸಭಾಂಗಣದ ಗೋಡೆಗಳಿಗೆ ತಾಗಿ ಮರಳುತ್ತದೆ. ಅದು ಮರಳುವ ರೀತಿಯನ್ನು ನೋಡಿಕೊಂಡು ಲಯವನ್ನು ನಿರ್ಧರಿಸಬೇಕು. ಆ ಗೋಡೆಗಳಿಂದ ಕಿತ್ತು ಬೇರೆ ಮನೆಯೊಳಗೆ ಹಾಕಿದರೆ ಅದೇ ಲಯ ಅರ್ಥಹೀನವಾಗುತ್ತದೆ ಎಂಬುದು ಅವರ ನಿಲುವು. ನಮ್ಮ ವಿದ್ವಾಂಸರಿಗೆ ಈ ಮಾತು ಕೂಡಲೇ ಹಿಡಿಸೀತು. ದೇವಾಲಯದ ಕಲ್ಲುಮಂಟಪದಲ್ಲಿ ಹಾಡಿದವರು ಬಟ್ಟೆಯ ಚಪ್ಪರದಲ್ಲಿ ಅದೇ ರೀತಿಯಲ್ಲಿ ಹಾಡುತ್ತಾರೆಯೆ? ಅವರು ಸತ್ತಮೇಲೆ ಕುಟುಂಬದವರ ಒಪ್ಪಿಗೆಯಿಂದ, ಸಭೆಗಳಲ್ಲಿ ಮುದ್ರಿತವಾಗಿದ್ದ ಅವರ ಸಂಗೀತ ಮಾರುಕಟ್ಟೆಗೆ ಬಂದಿತು. ಇಂದು ಅವರ ಹೆಸರನ್ನು ಬಲ್ಲ ಹೆಚ್ಚಿನವರು ಅವರನ್ನು ಬಲ್ಲುದು ಅದರಿಂದಲೇ!

ಹಾಗೆಂದು ಸಭೆಯೆಲ್ಲ ರಸಿಕರಿಂದಲೇ ತುಂಬಿರುತ್ತದೆಯೆಂದು ಭಾವಿಸಬೇಕಾಗಿಲ್ಲ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಸಹಾಯಾರ್ಥ ದೊಡ್ಡ ಕಛೇರಿಯೊಂದು ನಡೆಯಿತು. ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಅವರು ವೇದಿಕೆಯಲ್ಲಿ ತಮ್ಮ ವಾದ್ಯಗಳ ಶ್ರುತಿಯನ್ನು ಸರಿಪಡಿಸಿಕೊಂಡರು. ಅದನ್ನೇ ಒಂದು ಕೃತಿಯೆಂದು ತಿಳಿದ ಸಾವಿರಾರು ಜನ ಚಪ್ಪಾಳೆ ತಟ್ಟಿದರು. ಶ್ರುತಿ ಸೇರಿಸುವುದೇ ಇಷ್ಟು ಹಿಡಿಸಿದ್ದರೆ ಮುಂದಿನ ವಾದನ ಇನ್ನೂ ಹೆಚ್ಚು ಹಿಡಿಸೀತೆಂದು ರವಿಶಂಕರ್ ನಯವಾಗಿ ನುಡಿದು ವಾದನವನ್ನು ಆರಂಭಿಸಿದರು. ಆ ಚಪ್ಪಾಳೆ, ಆ ಮಾತು ಎರಡೂ ಅಂದಿನ ಕಛೇರಿಯ ತಟ್ಟೆಯಲ್ಲಿ ಉಳಿದುಬಂದಿವೆ. ಶಾಲೆಯೊಳಗೆ ಮುದ್ರಿಸಿದ್ದರೆ ಆ ಅಜ್ಞಾನವೂ ಇರುತ್ತಿರಲಿಲ್ಲ, ಆ ಸೌಜನ್ಯವೂ ಇರುತ್ತಿರಲಿಲ್ಲ.

ತಟ್ಟೆಯ ಪರವಾಗಿ ಹೇಳಬೇಕಾದ ಅತ್ಯಂತ ದೊಡ್ಡ ಮಾತು ಗದುಗಿನಿಂದ ಬರುತ್ತದೆ. 1930ರ ದಶಕದ ಆರಂಭದಲ್ಲಿ ಅಲ್ಲಿನ ಅಂಗಡಿಯೊಂದರಲ್ಲಿ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ತಟ್ಟೆ ಹಾಡುತ್ತಿತ್ತು. ಝಿಂಝೋಟಿ ರಾಗದ ಠುಮ್ರಿ. ದಾರಿಯಲ್ಲಿ ನಿಂತು ಕೇಳಿದ ಶಾಲಾಬಾಲಕನಿಗೆ ಹಾಗೆ ಹಾಡಬೇಕೆಂಬ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆಬಿಟ್ಟು ಹೊರಟ ಆ ಹುಡುಗ ಭೀಮಸೇನ ಜೋಶಿ. ಗ್ವಾಲಿಯರ್, ಕಲ್ಕತ್ತ, ಜಲಂಧರಗಳನ್ನು ಅಲೆದು ಬಂದು, ಕೊನೆಗೆ ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ, ಮನೆಗೆ ತೀರ ಸಮೀಪದ ಕುಂದಗೋಳದಲ್ಲಿ ವಿದ್ಯೆಗೆ ಕುಳಿತರು. ಖಾನರು ಕೊಳವೆಗೋ ಮೈಕಿಗೋ ಹಾಡಿದ ದಿನ ಅವರೆದುರು ಯಾವ ರಸಿಕನೂ ಇರಲಿಲ್ಲ. ಅವರ ಶ್ರೋತೃ ಗದುಗಿನ ಬೀದಿಯಲ್ಲಿದ್ದನು. ಅವರಿಗೆ ಅದು ತಿಳಿಯುವಂತಿರಲಿಲ್ಲ.

ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರ್ಕರ್ ಅವರ ಕಥೆಯೂ ಇಂತಹುದೇ. ಗುರುವಿನಂತೆ ಧ್ವನಿಮುದ್ರಣವನ್ನು ಪೂರ್ತಿಯಾಗಿ ನಿರಾಕರಿಸದಿದ್ದರೂ ಅದರ ವಿಷಯದಲ್ಲಿ ಬಹಳ ಬಿಗುಮಾನ ಅವರದು. ಹಾಡಿದ ತಟ್ಟೆಗಳು ಕೆಲವೇ. ಅವುಗಳಲ್ಲೊಂದು, ಮೂರೂವರೆ ನಿಮಿಷದ ಭೈರವಿಯನ್ನು, 1977ರಲ್ಲಿ ಅಮೆರಿಕದವರು ಹಾರಿಸಿದ ವಾಯೇಜರ್ ನೌಕೆಗಳಲ್ಲಿನ ಚಿನ್ನದ ಲೇಪದ ತಟ್ಟೆಗೆ ಸೇರಿಸಲಾಯಿತು. ಎರಡನೆಯ ನೌಕೆ ನೆಲಬಿಟ್ಟ ಹನ್ನೊಂದು ದಿನಗಳಲ್ಲಿ, ಸೆಪ್ಟೆಂಬರ್ 16ರಂದು, ಕೇಸರಬಾಯಿ ತೀರಿಕೊಂಡರು. ಕೇಳುವವರು ಎದುರಿಗಿಲ್ಲದೆ ಹಾಡಲು ಅಷ್ಟಾಗಿ ಒಲಿಯದಿದ್ದ ಕಂಠ ಈಗ ನಕ್ಷತ್ರಗಳ ನಡುವಣ ನಿಶ್ಶಬ್ದದಲ್ಲಿ ಸಾಗುತ್ತಿದೆ.

ಇಂದಿನ ಧ್ವನಿಮುದ್ರಣ ಶಾಲೆಯಲ್ಲಿ ಕತ್ತರಿಯ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. ಗಾಯಕರು ಒಂದು ಗಾಜಿನ ಕೋಣೆಯಲ್ಲಿ, ಮೃದಂಗದವರು ಇನ್ನೊಂದರಲ್ಲಿ. ಎಷ್ಟೋ ಸಲ ಮೃದಂಗದವರು ನುಡಿಸಿ ಹೋದ ವಾರದ ಮೇಲೆ ಗಾಯಕರು ಬಂದು, ಕಿವಿಗೆ ಕವಚ ಹಾಕಿಕೊಂಡು, ಆ ನುಡಿಸಾಣಿಕೆಯ ಮೇಲೆ ಹಾಡುವುದುಂಟು. ಗೋಡೆಗಳಿಗೆ ಸದ್ದು ಹೀರುವ ಹೊದಿಕೆ. ಹಾಡಿದ ದನಿ ಮರಳಿ ಬರುವುದಿಲ್ಲ. ಶ್ರುತಿ ಕೂದಲೆಳೆಯಷ್ಟು ಜಾರಿದ್ದರೆ ಯಂತ್ರವೇ ಎತ್ತಿ ಕೂರಿಸುತ್ತದೆ. ಚಲನಚಿತ್ರ ಗೀತೆಗೆ ಇದು ಹೊಂದಿಕೊಂಡೀತು. ಮನೋಧರ್ಮವೇ ಪ್ರಾಣವಾದ ರಾಗಸಂಗೀತಕ್ಕೆ, ಪಕ್ಕವಾದ್ಯದವರ ಕಣ್ಣೂ ಕಾಣದಂತಹ ಈ ಏರ್ಪಾಡು ತೀರ ಒಗ್ಗದು. ತನ್ನ ಸ್ವರ ಪ್ರಸ್ತಾರಕ್ಕೆ ಉತ್ತರ ಕೊಡಬೇಕಾದವರು ಹೋದ ವಾರವೇ ಉತ್ತರ ಕೊಟ್ಟು ಮನೆಗೆ ಹೋಗಿದ್ದಾರೆಂದರೆ ಗಾಯಕರು ಪ್ರಶ್ನೆಯನ್ನಾದರೂ ಏನೆಂದು ಕೇಳಬೇಕು?

ಈ ಕೊರತೆಯನ್ನು ಆಕಾಶವಾಣಿ ಬೇಗನೆ ಗುರುತಿಸಿತ್ತು. 1954ರಲ್ಲಿ ಆರಂಭವಾದ ಅದರ ಸಂಗೀತ ಸಮ್ಮೇಳನಗಳಲ್ಲಿ ವಿದ್ವಾಂಸರು ಬರಿಯ ಮೈಕಿನ ಮುಂದಲ್ಲ, ಆಹ್ವಾನಿತ ಶ್ರೋತೃಗಳ ಮುಂದೆ ಹಾಡುತ್ತಿದ್ದರು. ದೂರದ ಊರಿನಲ್ಲಿ ರೇಡಿಯೋ ಹಚ್ಚಿ ಕುಳಿತವರಿಗೆ ಹಾಡಿನ ಜೊತೆಗೆ ಆ ಶ್ರೋತೃಗಳ ಕರತಾಡನವೂ ಕೇಳುತ್ತಿತ್ತು. 2020ರಲ್ಲಿ ಕೊರೋನಾ ವ್ಯಾಧಿ ಹಬ್ಬಿ ಸಭಾಂಗಣಗಳೆಲ್ಲ ಮುಚ್ಚಿದಾಗ ಇದೇ ಸಮಸ್ಯೆ ಹೊಸ ರೂಪದಲ್ಲಿ ಎದುರಾಯಿತು. ವಿದ್ವಾಂಸರು ಬರಿದಾದ ವೇದಿಕೆಗಳಲ್ಲಿಯೂ ಮನೆಯ ಕೋಣೆಗಳಲ್ಲಿಯೂ ಕ್ಯಾಮೆರಾದ ಎದುರು ಹಾಡಿದರು. ಕೇಳಿದವರು ಸಾವಿರಾರು ಮಂದಿ ಇದ್ದಿರಬಹುದು. ಹಾಡು ಮುಗಿದಾಗ ಮಾತ್ರ ಕೋಣೆಯಲ್ಲಿ ತಂಬೂರಿಯ ಸದ್ದೊಂದೇ. ಕ್ಯಾಮೆರಾದ ಹಿಂದೆ ಮನೆಯವರಲ್ಲಿ ಒಬ್ಬರನ್ನೋ ಹಳೆಯ ಶಿಷ್ಯರೊಬ್ಬರನ್ನೋ ಕೂರಿಸಿಕೊಂಡು, ಅವರ ಮುಖವನ್ನು ನೋಡುತ್ತ ಹಾಡಿದವರೂ ಉಂಟು.